ಗೋಡೆಯ ಕಿವಿಯಿಂದ, ಮಗಳಿಗೊಂದು ಪತ್ರ

ಮೈಸೂರು
ಭಾನುವಾರ ರಾತ್ರಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನಗೆ ಸರಿಯಾದ ಉತ್ತರ ಕೊಡಲಿಲ್ಲ. ನಿಮ್ಮಮ್ಮ ಎದುರಿಗೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಕಣ್ಣು ಮೊರದ ಮೇಲೆ, ಕಿವಿ ನನ್ನ ಫೋನಿನ ಮೇಲೆ. ಅದಕ್ಕೇ "ಊಟ ಆಯ್ತಾ, ಆಮೇಲೆ ಮಾತಾಡೋಣ" ಅಂತ ಇಟ್ಟುಬಿಟ್ಟೆ. ನಿನಗೆ ಬೇಜಾರಾಗಿರಬೇಕು.

ನೀನು ಹೇಳಿದ್ದು ಇಷ್ಟು. ಕಾಮೆಂಟರಿ ಬಾಕ್ಸಿನಲ್ಲಿ ನಿಮ್ಮ ಸೀನಿಯರ್ ಒಬ್ಬರು ಸ್ಕೋರ್ ನೋಡಿಕೊಳ್ಳುವ ಹುಡುಗಿಯ ಬಗ್ಗೆ ಕೊಳಕಾಗಿ ಏನೋ ಅಂದರು. ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಸೌಂಡ್ ಲೆವೆಲ್ ನೋಡೋಕೆ ಅಂತ ನೀನು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿದ್ದೆ, ನಿಲ್ಲಿಸೋದು ಮರೆತಿದ್ದೆ. "ನೆಟ್‌ಗೆ ಹಾಕಿಬಿಡ್ಲಾ ಅಪ್ಪ? ಒಂದೇ ದಿನದಲ್ಲಿ ಅವರ ಕೆಲಸ ಹೋಗುತ್ತೆ" ಅಂದೆ. ಆಮೇಲೆ ನೀನೇ, "ಆದ್ರೆ ಮೈಕ್ ಆಫ್ ಇತ್ತು. ಅದು ಅವರ ಖಾಸಗಿ ಮಾತಲ್ವಾ?" ಅಂತಲೂ ಅಂದೆ.

ಮೂವತ್ತು ವರ್ಷ ಸೌಂಡ್ ಕನ್ಸೋಲ್ ಮುಂದೆ ಕೂತವನು ನಾನು. ಮೈಕ್ ಆಫ್ ಇತ್ತು ಅಂದರೆ ಈಗಲೂ ನಗು ಬರುತ್ತದೆ. ಫೇಡರ್, ಅಂದರೆ ಕನ್ಸೋಲಿನಲ್ಲಿ ಸೌಂಡ್ ಏರಿಸಿ ಇಳಿಸುವ ಹಿಡಿ, ಅದನ್ನು ಕೆಳಗೆ ಎಳೆದರೆ ಧ್ವನಿ ಪ್ರಸಾರಕ್ಕೆ ಹೋಗುವುದಿಲ್ಲ, ಅಷ್ಟೇ. ಮೈಕ್ ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಫೇಡರ್ ಹತ್ತಿರ ಪಿಎಫ್‌ಎಲ್ ಅಂತ ಒಂದು ಪುಟ್ಟ ಗುಂಡಿ ಇರುತ್ತದಲ್ಲ, ಅದನ್ನು ಒತ್ತಿದರೆ ಊರಿಗೆಲ್ಲ ಕೇಳಿಸದ್ದು ನನ್ನ ಹೆಡ್‌ಫೋನಿಗೆ ಕೇಳಿಸುತ್ತದೆ. ಅದು ಕದ್ದು ಕೇಳುವುದಲ್ಲ. ಕೆಲಸವೇ ಅದು. ಮೈಕ್ ಸರಿಯಿದೆಯಾ, ಗರ್ ಅನ್ನುತ್ತಿದೆಯಾ ಅಂತ ಮುಂಚೆಯೇ ನೋಡಬೇಕಲ್ಲ. ಯಾರ ಹೊಟ್ಟೆ ಗುಡುಗುಡು ಅನ್ನುತ್ತಿದೆ, ಯಾರ ಮನೆಯಲ್ಲಿ ಬೆಳಿಗ್ಗೆ ಜಗಳ ಆಗಿದೆ, ಎಲ್ಲ ಗೊತ್ತಾಗುತ್ತಿತ್ತು. ಗೋಡೆಗೂ ಕಿವಿ ಇರುತ್ತೆ ಅಂತಾರೆ. ಆ ಗಾದೆ ಇರೋದು ಮಾತಾಡುವವನನ್ನು ಎಚ್ಚರಿಸೋಕೆ. ನಾನು ಗೋಡೆಯ ಕಡೆಯವನು.

ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಡೀನ್ ಜೋನ್ಸ್ ಕಥೆ ನಿನಗೆ ಅರ್ಧ ಮಾತ್ರ ಹೇಳಿದ್ದೇನೆ. 1986ರಲ್ಲಿ ಚೆಪಾಕಿನ ಸೆಕೆಯಲ್ಲಿ ವಾಂತಿ ಮಾಡಿಕೊಳ್ಳುತ್ತಲೇ 210 ಹೊಡೆದವನು, ಆ ಟೆಸ್ಟ್ ಟೈ ಆಯಿತು ಅಂತ. ಇನ್ನರ್ಧ ಹೇಳೋಕೆ ಮನಸ್ಸು ಬರುತ್ತಿರಲಿಲ್ಲ. 2006ರ ಆಗಸ್ಟ್, ಕೊಲಂಬೊದಲ್ಲಿ ಶ್ರೀಲಂಕಾ ಮತ್ತು ದಕ್ಷಿಣ ಆಫ್ರಿಕಾದ ಟೆಸ್ಟ್. ಜೋನ್ಸ್ ಟೆನ್ ಸ್ಪೋರ್ಟ್ಸ್‌ಗೆ ಕಾಮೆಂಟರಿ ಹೇಳುತ್ತಿದ್ದ. ದಕ್ಷಿಣ ಆಫ್ರಿಕಾದ ಹಾಶಿಮ್ ಆಮ್ಲಾ ಶ್ರೀಲಂಕಾದ ಸಂಗಕ್ಕಾರನ ಕ್ಯಾಚ್ ಹಿಡಿದ. ವಿಕೆಟ್ ಬಿತ್ತು, ಜಾಹೀರಾತು ಬಂತು. ಉದ್ದ ಗಡ್ಡ ಬಿಟ್ಟ ಮುಸ್ಲಿಂ ಹುಡುಗ ಆಮ್ಲಾ. ಟೆರರಿಸ್ಟ್‌ಗೆ ಇನ್ನೊಂದು ವಿಕೆಟ್ ಸಿಕ್ಕಿತು ಅಂತ ಜೋನ್ಸ್ ಅಂದುಬಿಟ್ಟ. ಆದರೆ ದಕ್ಷಿಣ ಆಫ್ರಿಕಾದ ಚಾನೆಲ್ ಆ ಹೊತ್ತಿಗೆ ಜಾಹೀರಾತಿಗೆ ಹೋಗಿರಲಿಲ್ಲ. ಅಲ್ಲಿಗೆ ಬಾಕ್ಸಿನ ಧ್ವನಿ ಹಾಗೇ ಹರಿಯುತ್ತಿತ್ತು. ಬೇರೆ ಯಾರಿಗೂ ಅಲ್ಲ, ಆಮ್ಲಾನ ದೇಶದವರಿಗೇ ಕೇಳಿಸಿತು ನೋಡು.

ಟೆನ್ ಸ್ಪೋರ್ಟ್ಸ್ ತಕ್ಷಣ ಅವನನ್ನು ತೆಗೆದುಹಾಕಿತು. ಜೋನ್ಸ್ ಕ್ಷಮೆ ಕೇಳಿದ. ತಪ್ಪಾಯಿತು ಅಂದ. ಜೊತೆಗೆ, ಅದು ಪ್ರಸಾರದಲ್ಲಿ ಕೇಳಿಸಬೇಕಾದ ಮಾತಲ್ಲ ಅಂತಲೂ ಸೇರಿಸಿದ. ನನಗೆ ಚುಚ್ಚಿದ್ದು ಅಲ್ಲೇ. ಪ್ರಸಾರಕ್ಕೆ ಹೋಗಬಾರದಿತ್ತು, ಸರಿ. ಬಾಕ್ಸಿನಲ್ಲಿ ಇದ್ದವರಿಗೆ? ಕಾಮೆಂಟರಿ ಬಾಕ್ಸ್ ಅಂದಮೇಲೆ ಕೇಬಲ್ ಎಳೆಯುವವನು, ಸೌಂಡ್ ನೋಡುವವನು, ನೀರಿನ ಬಾಟಲಿ ತಂದಿಡುವ ಹುಡುಗ, ಯಾರಾದರೂ ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬನಿಗೆ ಗಡ್ಡ ಇದ್ದರೆ? ಅವನು ಲೆಕ್ಕಕ್ಕೇ ಇಲ್ಲ.

ಹಾಗಂತ ಜೋನ್ಸ್‌ನನ್ನು ನಾನು ಮನಸ್ಸಿನಿಂದ ತೆಗೆದುಹಾಕಿದೆನಾ? ಇಲ್ಲ. ಅವನು ಮತ್ತೆ ಕಾಮೆಂಟರಿಗೆ ಬಂದ, ಕೋಚ್ ಆದ. 2020ರ ಸೆಪ್ಟೆಂಬರ್‌ನಲ್ಲಿ ಐಪಿಎಲ್ ಕೆಲಸಕ್ಕೆ ಅಂತ ಮುಂಬೈಗೆ ಬಂದವನು ಅಲ್ಲೇ ಹೃದಯಾಘಾತದಿಂದ ತೀರಿಕೊಂಡ. 59 ವರ್ಷ. ಆ ರಾತ್ರಿ ನಾನು ಊಟ ಬಿಟ್ಟಿದ್ದು ನಿನಗೆ ನೆನಪಿರಬಹುದು. ಆಮ್ಲಾ 2012ರಲ್ಲಿ ಓವಲ್‌ನಲ್ಲಿ ಔಟಾಗದೆ 311 ಹೊಡೆದ. ಆ ದಿನ ಜಾಸ್ತಿ ಖುಷಿಪಟ್ಟವನೂ ನಾನೇ.

ರಾನ್ ಆಟ್ಕಿನ್ಸನ್ ಅಂತ ಇನ್ನೊಬ್ಬ, ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳಿಗೆ ಮ್ಯಾನೇಜರ್ ಆಗಿದ್ದವನು, ಆಮೇಲೆ ಟಿವಿಯಲ್ಲಿ ಕಾಮೆಂಟರಿ ಹೇಳುತ್ತಿದ್ದ. 2004ರಲ್ಲಿ ಬ್ರಿಟನ್ನಿನ ಐಟಿವಿ ಚಾನೆಲ್‌ನ ಪ್ರಸಾರ ಮುಗಿಯಿತು ಅಂದುಕೊಂಡು ಚೆಲ್ಸಿ ಕ್ಲಬ್ಬಿನ ಕಪ್ಪು ಆಟಗಾರ ಮಾರ್ಸೆಲ್ ಡೆಸಾಯಿಯನ್ನು ಕೆಟ್ಟ ಮಾತಿನಲ್ಲಿ ಬೈದ. ಬ್ರಿಟನ್ನಿನಲ್ಲಿ ಮುಗಿದಿತ್ತು ನಿಜ, ಮಧ್ಯಪ್ರಾಚ್ಯದ ಕೆಲವು ಕಡೆ ಇನ್ನೂ ಹೋಗುತ್ತಿತ್ತು. ರಾಜೀನಾಮೆ ಕೊಟ್ಟ. ವಿಚಿತ್ರ ಅಂದರೆ, ಎಪ್ಪತ್ತರ ದಶಕದ ಕೊನೆಯಲ್ಲಿ ವೆಸ್ಟ್ ಬ್ರಾಮ್ ತಂಡದಲ್ಲಿ ಒಟ್ಟಿಗೇ ಮೂವರು ಕಪ್ಪು ಆಟಗಾರರನ್ನು ಆಡಿಸಿದವನೂ ಇವನೇ. ಆಗ ಅಲ್ಲಿ ಅದು ಸಣ್ಣ ವಿಷಯ ಆಗಿರಲಿಲ್ಲ.

ನಿನ್ನ ಪ್ರಶ್ನೆಗೆ ಹತ್ತಿರದ್ದು ಬ್ರಿಟನ್ನಿನ ಸ್ಕೈ ಸ್ಪೋರ್ಟ್ಸ್ ಚಾನೆಲ್ ಕಥೆ. 2011ರ ಜನವರಿ 22, ವುಲ್ವ್ಸ್ ಮತ್ತು ಲಿವರ್‌ಪೂಲ್ ಪಂದ್ಯ. ಲೈನಿನಲ್ಲಿ ಬಾವುಟ ಹಿಡಿದಿದ್ದ ಸಹಾಯಕ ರೆಫರಿ ಸಿಯಾನ್ ಮ್ಯಾಸಿ, 25 ವರ್ಷದ ಹುಡುಗಿ. ಆಂಡಿ ಗ್ರೇ, ರಿಚರ್ಡ್ ಕೀಸ್ ಅಂತ ಇಬ್ಬರು ಆ ಚಾನೆಲ್‌ನ ಫುಟ್‌ಬಾಲಿಗೆ ಮುಖ ಆಗಿದ್ದವರು. ಪ್ರಸಾರದಲ್ಲಿ ಇಲ್ಲ ಅಂದುಕೊಂಡು ಮಾತಾಡಿಕೊಂಡರು. ಹೆಂಗಸರಿಗೆ ಆಫ್‌ಸೈಡ್ ನಿಯಮ ಎಲ್ಲಿ ಗೊತ್ತಾಗುತ್ತೆ, ಯಾರಾದರೂ ಕೆಳಗೆ ಹೋಗಿ ಅವಳಿಗೆ ಹೇಳಿಕೊಡಬೇಕು ಅಂತ. ಆಟ ಶುರುವಾಯಿತು. ಲಿವರ್‌ಪೂಲ್‌ನ ಮೊದಲ ಗೋಲಿಗೆ ಮುಂಚೆ ಅವರ ಆಟಗಾರ ಮೀರೆಲೆಸ್ ಆಫ್‌ಸೈಡ್ ಇದ್ದ, ಅಂದರೆ ಚೆಂಡು ಒದೆಯುವ ಮುಂಚೆಯೇ ಎದುರಾಳಿಗಳನ್ನು ದಾಟಿ ಮುಂದಿದ್ದ ಅನ್ನೋ ಹಾಗೆ ಬರಿಗಣ್ಣಿಗೆ ಕಾಣಿಸಿತು. ಮ್ಯಾಸಿ ಬಾವುಟ ಎತ್ತಲಿಲ್ಲ. ರೀಪ್ಲೇ ನೋಡಿದರೆ ಅವಳೇ ಸರಿ. ಕೂದಲೆಳೆಯ ಅಂತರ!

ಆ ಮಾತಿನ ರೆಕಾರ್ಡಿಂಗ್ ಪತ್ರಿಕೆಗೆ ಸಿಕ್ಕಿತು. ಮೊದಲು ಎಚ್ಚರಿಕೆ ಅಂತ ಇತ್ತು. ಆಮೇಲೆ ಹಳೆಯದೊಂದು ವಿಡಿಯೊ ಹೊರಬಂತು. ಅದರಲ್ಲಿ ಗ್ರೇ ಜೊತೆಗಾರ್ತಿ ನಿರೂಪಕಿಗೆ, ಮೈಕನ್ನು ನನ್ನ ಪ್ಯಾಂಟಿನೊಳಗೆ ಸಿಕ್ಕಿಸಿಕೊಡು ಅನ್ನುತ್ತಾನೆ. ಮೈಕ್ ಸಿಕ್ಕಿಸುವ ಕೆಲಸ ನೀನೂ ದಿನಾ ಮಾಡುತ್ತೀಯ. ಆ ಮಾತು ಯಾವ ಧಾಟಿಯಲ್ಲಿ ಬರುತ್ತೆ ಅಂತ ನಿನಗೆ ಹೇಳಬೇಕಾಗಿಲ್ಲ. 25ನೇ ತಾರೀಖು ಗ್ರೇ ಕೆಲಸ ಹೋಯಿತು. ಮರುದಿನ ಕೀಸ್ ರಾಜೀನಾಮೆ. ಹೋಗುವಾಗ ಕೀಸ್, ಇದರ ಹಿಂದೆ ಕಾಣದ ಕೈಗಳಿವೆ ಅನ್ನೋ ಅರ್ಥದಲ್ಲಿ ಮಾತಾಡಿದ. ಆಂಡಿ ಗ್ರೇ ಮೊಬೈಲಿನ ಸಂದೇಶಗಳನ್ನು ಒಂದು ಪತ್ರಿಕೆ ಕದ್ದು ಕೇಳಿತ್ತು ಅನ್ನೋದೂ ಸುಳ್ಳಲ್ಲ. ಅದೇ ವರ್ಷ ಅವನಿಗೆ 20 ಸಾವಿರ ಪೌಂಡ್ ಪರಿಹಾರ ಬಂತು. ಅಂದರೆ ಖಾಸಗಿ ಮಾತು ಕಳ್ಳತನ ಆದರೆ ಹೇಗಿರುತ್ತೆ ಅಂತ ಅವನಿಗೂ ಗೊತ್ತಿತ್ತು.

ಆದರೆ ಆ ವಾರ ಮ್ಯಾಸಿಗೆ ಏನಾಯಿತು ಅನ್ನೋದನ್ನು ಕಡಿಮೆ ಜನ ಹೇಳುತ್ತಾರೆ. ಅವಳಿಗೆ ಕೊಟ್ಟಿದ್ದ ಮುಂದಿನ ಪಂದ್ಯದಿಂದ ಅವಳನ್ನು ಹಿಂದಕ್ಕೆ ಕರೆಸಿದರು. ಕ್ಯಾಮೆರಾಗಳೆಲ್ಲ ಅವಳ ಮೇಲೇ ಇರುತ್ತವೆ, ಬೇಡ ಅಂತ. ಒಳ್ಳೇದಕ್ಕೇ ಮಾಡಿದ್ದಿರಬಹುದು. ಸರಿಯಾದ ತೀರ್ಪು ಕೊಟ್ಟವಳು ಮನೆಯಲ್ಲಿ ಕೂತಳು. ಗ್ರೇ ಮತ್ತು ಕೀಸ್ ಮುಂದಿನ ತಿಂಗಳೇ ಒಂದು ರೇಡಿಯೊದಲ್ಲಿ ಮಾತಾಡುತ್ತಿದ್ದರು. ಆಮೇಲೆ ದೋಹಾಕ್ಕೆ ಹೋಗಿ ಅಲ್ಲಿನ ಚಾನೆಲ್‌ನಲ್ಲಿ ವರ್ಷಗಟ್ಟಲೆ ಕೂತರು. ಮ್ಯಾಸಿ ಮತ್ತೆ ಲೈನಿಗೆ ಬಂದಳು, 2017ರಲ್ಲಿ ಬ್ರಿಟನ್ನಿನ ಎಂಬಿಇ ಗೌರವವೂ ಸಿಕ್ಕಿತು ಅನ್ನು. ಆ ಒಂದು ವಾರದ ಲೆಕ್ಕ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಯಾಕೆ ಅಂತ ಹೇಳುತ್ತೇನೆ. ಇದನ್ನು ನಿಮ್ಮಮ್ಮನಿಗೂ ಇವತ್ತಿನವರೆಗೆ ಹೇಳಿರಲಿಲ್ಲ.

1998 ಇರಬೇಕು. ನಾನಿದ್ದ ಸ್ಟುಡಿಯೊಗೆ ಒಬ್ಬ ಹೆಣ್ಣುಮಗಳು ದಿನಗೂಲಿ ಲೆಕ್ಕದಲ್ಲಿ ಓದೋಕೆ ಬರುತ್ತಿದ್ದಳು. ಹಳ್ಳಿಯಿಂದ ಬಂದವಳು. ಧ್ವನಿ ಅಂದರೆ ಧ್ವನಿ, ಲೆವೆಲ್ ಮುಟ್ಟಬೇಕಾಗಿಯೇ ಇರಲಿಲ್ಲ. ಪ್ರತಿ ಸಲ ಮೈಕ್ ಮುಂದೆ ಕೂತು ಬಾಯೊಳಗೇ "ಹಾಲು, ಹಳ್ಳ, ಹುಳಿ, ಹೂವು" ಅಂದುಕೊಳ್ಳುವಳು. ಅಕಾರ ಹಕಾರ ತಪ್ಪಬಾರದು ಅಂತ. ನನಗೆ ಹೆಡ್‌ಫೋನಿನಲ್ಲಿ ಕೇಳಿಸುತ್ತಿತ್ತು. ಒಂದು ದಿನವೂ ಅವಳು ತಪ್ಪಿದ್ದಿಲ್ಲ.

ಒಂದು ಸಂಜೆ ಅವಳ ಸರದಿ ಮುಗಿದು ಕಂಟ್ರೋಲ್ ರೂಮಿನಲ್ಲಿ ನನ್ನ ಪಕ್ಕ ನಿಂತು ರಿಜಿಸ್ಟರಿಗೆ ಸಹಿ ಹಾಕುತ್ತಿದ್ದಳು. ಗಾಜಿನ ಆಚೆ ಇಬ್ಬರು ಹಿರಿಯರು. ಕೆಂಪು ದೀಪ ಆರಿತ್ತು. ಒಬ್ಬರು ಶುರು ಮಾಡಿದರು, "ಆಲು ಕುಡಿದು ಬಂದ್ಳಾ ಇವತ್ತು?" ಅಂತ. ಇನ್ನೊಬ್ಬರು ಅವಳ ಕೇರಿಯ ಹೆಸರು ಎತ್ತಿದರು. ಅದೆಲ್ಲ ಬರೆಯುವುದು ಬೇಡ. ಸ್ಪೀಕರಿನಲ್ಲಿ ಎಲ್ಲ ಸ್ಪಷ್ಟವಾಗಿ ಬರುತ್ತಿತ್ತು. ನಾನು ಕೈ ಚಾಚಿ ಸ್ಪೀಕರ್ ಸೌಂಡ್ ಕಡಿಮೆ ಮಾಡಿದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡೆ.

ಅವಳು ಪೆನ್ನಿನ ಕ್ಯಾಪ್ ಹಾಕುತ್ತಾ, "ಯಾಕ್ ಸಾರ್ ಕಮ್ಮಿ ಮಾಡಿದ್ರಿ? ನಂಗೆ ದಿನಾ ಕೇಳ್ಸುತ್ತೆ" ಅಂದಳು. ಸಿಟ್ಟಿನಿಂದ ಅಲ್ಲ. ಬಸ್ಸು ಎಷ್ಟು ಗಂಟೆಗೆ ಅಂತ ಕೇಳುವ ಹಾಗೆ.

ಮೂರ್ನಾಲ್ಕು ತಿಂಗಳಾದ ಮೇಲೆ ಅವಳು ಬರುವುದು ನಿಂತಿತು. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ಇಬ್ಬರು ಹಾರ ಶಾಲು ಹಾಕಿಸಿಕೊಂಡು ರಿಟೈರ್ ಆದರು. ಒಬ್ಬರಿಗೆ ನಾನೇ ಹಾರ ಹಿಡಿದುಕೊಂಡು ನಿಂತಿದ್ದೆ. ಖಾಸಗಿ ಮಾತಿಗೆ ಕೆಲಸ ಹೋಗುವುದು ಅನ್ಯಾಯ ಅಂತ ಯಾರಾದರೂ ವಾದ ಮಾಡುವಾಗ ನನಗೆ ಆ ರಿಜಿಸ್ಟರ್ ನೆನಪಾಗುತ್ತದೆ. ಅಲ್ಲೂ ಒಬ್ಬರ ಕೆಲಸ ಹೋಯಿತು. ಆಡಿದವರದಲ್ಲ, ಅಷ್ಟೇ.

ಇಷ್ಟೆಲ್ಲ ಹೇಳಿ ಈಗ ನಿನಗೆ "ಹಾಕಿಬಿಡು" ಅನ್ನುತ್ತೇನೆ ಅಂದುಕೊಂಡಿರಬಹುದು. ತಡಿ.

ಅಮೆರಿಕದ ಇಎಸ್‌ಪಿಎನ್ ಚಾನೆಲ್‌ನಲ್ಲಿ ರೇಚಲ್ ನಿಕೋಲ್ಸ್ ಅಂತ ಒಬ್ಬಳು, ಬಾಸ್ಕೆಟ್‌ಬಾಲ್ ಕಾರ್ಯಕ್ರಮದ ನಿರೂಪಕಿ. 2020ರ ಜುಲೈ, ಕೋವಿಡ್ ಕಾಲ. ಹೋಟೆಲ್ ರೂಮಿನಲ್ಲಿ ಒಬ್ಬಳೇ ಕೂತು ಫೋನಿನಲ್ಲಿ ಒಬ್ಬರ ಹತ್ತಿರ ಹೇಳಿಕೊಂಡಳು, ನನ್ನ ಕೆಲಸವನ್ನು ಕಪ್ಪು ಸಹೋದ್ಯೋಗಿ ಮರಿಯಾ ಟೇಲರ್‌ಗೆ ಕೊಡುತ್ತಿದ್ದಾರೆ, ಕಪ್ಪು ಜನರಿಗೆ ಅವಕಾಶ ಕೊಟ್ಟಿಲ್ಲ ಅನ್ನೋ ದೂರು ಕಂಪನಿಯ ಮೇಲಿದೆಯಲ್ಲ, ಅದಕ್ಕೆ ಅಂತ. ರೂಮಿನಿಂದಲೇ ಪ್ರಸಾರ ಮಾಡುವ ಕ್ಯಾಮೆರಾ ಆನ್ ಇತ್ತು. ಮಾತೆಲ್ಲ ಕಂಪನಿಯ ಸರ್ವರಿಗೆ ಹೋಗಿ ಕೂತಿತು. ಅಲ್ಲಿಂದ ಒಬ್ಬರ ಫೋನಿಗೆ, ಇನ್ನೊಬ್ಬರ ಫೋನಿಗೆ. ಒಂದು ವರ್ಷದ ಮೇಲೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು, ಕಾರ್ಯಕ್ರಮವೇ ನಿಂತಿತು. ಅವಳು ಅಂದದ್ದು ನನಗೆ ಹಿಡಿಸಲಿಲ್ಲ. ಆದರೆ ಹೋಟೆಲ್ ರೂಮ್ ಕಾಮೆಂಟರಿ ಬಾಕ್ಸ್ ಅಲ್ಲ. ಅಲ್ಲಿ ಕೇಬಲ್ ಎಳೆಯುವವನು ಇರಲಿಲ್ಲ. ಕೆಲಸದ ಸಂಕಟವನ್ನು ಬಾಗಿಲು ಹಾಕಿಕೊಂಡು ಯಾರಿಗೋ ಹೇಳಿಕೊಳ್ಳೋಕೂ ಆಗಬಾರದು ಅಂದರೆ, ನೀನು ನಿನ್ನೆ ನನಗೆ ಫೋನ್ ಮಾಡಿದ್ದೂ ತಪ್ಪೇ ಅಲ್ವಾ?

ನೀನು ನೋಡಬೇಕಾದ್ದು ಇನ್ನೊಂದಿದೆ. ಪತ್ರಿಕೆಯಲ್ಲಿ ಬರುವ ಹೊತ್ತಿಗೆ ಆ ವಿಷಯದಲ್ಲಿ ಶಿಕ್ಷೆ ಆಗಿದೆ ಅಂತ ಗೊತ್ತಿದ್ದದ್ದು ಒಬ್ಬರಿಗೇ. ಆ ವಿಡಿಯೊವನ್ನು ಟೇಲರ್‌ಗೆ ಕಳಿಸಿದ್ದು ನಾನು ಅಂತ ಒಪ್ಪಿಕೊಂಡ ಒಬ್ಬ ಉದ್ಯೋಗಿಗೆ. ನಿನ್ನ ಹಾಗೇ ತೆರೆಯ ಹಿಂದೆ ಕೆಲಸ ಮಾಡುತ್ತಿದ್ದವಳು. ಎರಡು ವಾರ ಸಸ್ಪೆಂಡ್, ಸಂಬಳ ಇಲ್ಲ.

ಹಾಗಾಗಿ ಊರಿಗೆಲ್ಲ ಹಂಚಬೇಡ. ಅಳಿಸಲೂ ಬೇಡ. ಎಂದು, ಎಷ್ಟು ಹೊತ್ತಿಗೆ, ಯಾರ್ಯಾರು ಇದ್ದರು ಅಂತ ಒಂದು ಕಡೆ ಬರೆದಿಡು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಕೇಳೋಕೆ ಆಂತರಿಕ ಸಮಿತಿ ಇರಲೇಬೇಕು ಅಂತ, ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯೋ 2013ರ ಕಾನೂನು ಹೇಳುತ್ತದೆ. ಅಧ್ಯಕ್ಷರು ಹೆಂಗಸೇ ಆಗಿರಬೇಕು. ದೂರು ಬರಹದಲ್ಲಿರಬೇಕು, ಮೂರು ತಿಂಗಳೊಳಗೆ ಕೊಡಬೇಕು. ಕಾಂಟ್ರ್ಯಾಕ್ಟ್‌ನವರು, ಟ್ರೈನಿಗಳು, ದಿನಗೂಲಿಯವರು ಎಲ್ಲರೂ ಅದರಲ್ಲಿ ಬರುತ್ತಾರೆ. 1998ರಲ್ಲಿ ನಮಗೆ ಹೀಗೊಂದು ಬಾಗಿಲು ಇತ್ತು ಅಂತ ಯಾರೂ ತೋರಿಸಿರಲಿಲ್ಲ. ಇದ್ದಿದ್ದರೆ ನಾನು ತಟ್ಟುತ್ತಿದ್ದೆನಾ? ಗೊತ್ತಿಲ್ಲ ಪುಟ್ಟಿ. ಸುಮ್ನೆ ಹೌದು ಅನ್ನೋಕೆ ಮನಸ್ಸಾಗುತ್ತಿಲ್ಲ. ದೂರು ಹೋದರೆ ಹೆಸರುಗಳನ್ನು ಬಹಿರಂಗ ಮಾಡುವ ಹಾಗಿಲ್ಲ ಅಂತಲೂ ಅದೇ ಕಾನೂನಿನಲ್ಲಿದೆ. ರೆಕಾರ್ಡಿಂಗ್ ನಿನ್ನ ಫೋನಿನಲ್ಲೇ ಇರಲಿ ಅಂದಿದ್ದು ಅದಕ್ಕೂ ಸೇರಿಸಿ.

ಸಂಜೆ ಊಟಕ್ಕೆ ಕೂತಾಗ ನಿಮ್ಮಮ್ಮನಿಗೆ ಎಲ್ಲ ಹೇಳಿದೆ. ನಿನ್ನ ವಿಷಯ, ನನ್ನ ವಿಷಯ, ಆ ಸ್ಪೀಕರಿನದು, ಹಾರದ್ದು. ಅವಳು ಹಿತಕಿದ ಬೇಳೆ ಸಾರು ಬಡಿಸುತ್ತಾ ಸುಮ್ಮನೆ ಕೇಳಿದಳು. ನಾನು ಎರಡು ದಿನದಿಂದ ತಲೆ ಕೆಡಿಸಿಕೊಂಡು ಜೋನ್ಸ್, ಗ್ರೇ, ನಿಕೋಲ್ಸ್ ಅಂತ ಸುತ್ತಾಡಿ ಬಂದಿದ್ದೆ. ಅವಳು ಒಂದೇ ಪ್ರಶ್ನೆ ಕೇಳಿದಳು.

"ಆ ಸ್ಕೋರ್ ಹುಡುಗಿಗೆ ಗೊತ್ತಾ?"

ನಾವಿಬ್ಬರೂ ನಿನ್ನೆ ಇಪ್ಪತ್ತು ನಿಮಿಷ ಮಾತಾಡಿದೆವು. ಅವಳ ಹೆಸರು ಏನು ಅಂತ ಕೂಡ ನಾನು ಕೇಳಲಿಲ್ಲ ನೋಡು. ನಾಳೆ ಪಂದ್ಯ ಇಲ್ಲ ಅಂದಿದ್ದೆಯಲ್ಲ. ಅವಳನ್ನು ಕರೆದುಕೊಂಡು ಹೋಗಿ ಒಂದು ಚಹಾ ಕುಡಿ. ಏನು ಮಾಡಬೇಕು ಅಂತ ಅವಳನ್ನೇ ಕೇಳು. ಫೋನ್ ಬ್ಯಾಗಿನಲ್ಲಿರಲಿ.

ನಿನ್ನ
ಅಪ್ಪ