ಕುಡಿತ ಬಿಡಿಸುವ ಪುಡಿಯ ಜಾಹೀರಾತು ಹಂಚಬೇಡಿ

ಎಲ್ಲರಿಗೂ ನಮಸ್ಕಾರ. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ’ ಎಂಬ ಜಾಹೀರಾತುಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಮದ್ಯದ ಜೊತೆ ಸೇರಿದರೆ ಮೈಮೇಲೆ ತೀವ್ರ ಪರಿಣಾಮ ಬೀರುವ ಡೈಸಲ್ಫಿರಾಮ್‌ನಂಥ ಔಷಧವನ್ನು ಗುಟ್ಟಾಗಿ ಕೊಟ್ಟ ಮೇಲೆ ಅದನ್ನು ತಿಂದ ವ್ಯಕ್ತಿ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ನೊಂದ ಹೆಂಡತಿ, ತಾಯಂದಿರೇ ಇಂಥ ಜಾಹೀರಾತನ್ನು ನಂಬಿ ದುಡ್ಡು ಸುರಿಯುತ್ತಾರೆ ಎಂಬುದು ನನ್ನ ಸಂಕಟ.

ದಿನವೂ ವಿಪರೀತ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದೂ ಅಪಾಯಕಾರಿ. ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣಿಸುವುದು ಶುರುವಾಗಬಹುದು. ಅದು ದೆವ್ವದ ಕಾಟವಲ್ಲ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್‌, ಧಾರವಾಡದ ಡಿಮ್ಹಾನ್ಸ್‌ಗಳಲ್ಲಿ ಚಿಕಿತ್ಸೆಯಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ ಕರೆ, ಕನ್ನಡದಲ್ಲೇ ಮಾತನಾಡಬಹುದು. ಮಾದಕವಸ್ತುಗಳ ಚಟಕ್ಕೆ 14446. ಮನೆಯವರೂ ಕರೆ ಮಾಡಬಹುದು.