ಎರಡನೇ ಮನೆ ಕೊಳ್ಳಿ ಎನ್ನುವವರು ತೆರಿಗೆ ಲೆಕ್ಕವನ್ನು ಪೂರ್ತಿ ಹೇಳಲಿ

ಮಾನ್ಯ ಸಂಪಾದಕರೇ,

‘ಎರಡನೇ ಮನೆ ತಗೊಳ್ಳಿ, ಟ್ಯಾಕ್ಸ್ ಉಳಿಯುತ್ತೆ’ ಎನ್ನುವ ಮಾತು ನಂಬಿ ಕೆಲವು ವರ್ಷಗಳ ಹಿಂದೆ ಕೆಂಗೇರಿ ಕಡೆ ಒಂದು ಫ್ಲಾಟ್ ಕೊಂಡೆ. ಸೈಟ್ ಆಫೀಸಿನಲ್ಲಿ ಕಾಫಿ ಕೊಟ್ಟು ಕೂರಿಸಿದ ಹುಡುಗ ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿ, ‘ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಗೆ ಮಿತಿಯೇ ಇಲ್ಲ ಸರ್, ತೆರಿಗೆ ಲೆಕ್ಕದಲ್ಲಿ ಪೂರ್ತಿ ಕಳೀಬಹುದು’ ಎಂದ. ಅದು ಸುಳ್ಳಲ್ಲ. ಆದರೆ ಅರ್ಧ ಮಾತು.

ಉಳಿದರ್ಧ ನನಗೆ ಗೊತ್ತಾಗಿದ್ದು ರಿಟರ್ನ್ಸ್ ತುಂಬುವಾಗ, ಆಡಿಟರ್ ಮುಂದೆ ಕೂತಾಗ. ಸಾಲ 45 ಲಕ್ಷ, ಮೊದಲ ವರ್ಷದ ಬಡ್ಡಿ ಸುಮಾರು 3 ಲಕ್ಷ 80 ಸಾವಿರ. ಬಾಡಿಗೆ ತಿಂಗಳಿಗೆ 18 ಸಾವಿರ, ವರ್ಷಕ್ಕೆ 2 ಲಕ್ಷ 16 ಸಾವಿರ. ಅದರಲ್ಲಿ ಮನೆ ಕಂದಾಯ 6 ಸಾವಿರ ಹೋಯಿತು. ಉಳಿದಿದ್ದರಲ್ಲಿ ರಿಪೇರಿ ಗಿಪೇರಿ ಅಂತ ಕಾನೂನೇ ಶೇ 30 ಬಿಡುತ್ತದೆ. ಕೊನೆಗೆ ಬಾಡಿಗೆ ಆದಾಯ 1 ಲಕ್ಷ 47 ಸಾವಿರ. ಬಡ್ಡಿ ಕಳೆದರೆ 2 ಲಕ್ಷ 33 ಸಾವಿರ ನಷ್ಟ. ಆದಾಯ ತೆರಿಗೆಗೆ ಎರಡು ಪದ್ಧತಿ ಇವೆ: ಇಂಥ ಕಡಿತಗಳಿರುವ ಹಳೆಯದು, ದರ ಕಡಿಮೆ ಇದ್ದು ಕಡಿತಗಳು ಹೆಚ್ಚಾಗಿ ಇಲ್ಲದ ಹೊಸದು. ಹಳೇ ಪದ್ಧತಿಯಲ್ಲಾದರೆ ಈ ನಷ್ಟದಲ್ಲಿ 2 ಲಕ್ಷವನ್ನು ಮಾತ್ರ ಸಂಬಳದಿಂದ ಕಳೆಯಬಹುದು. ಮಿಕ್ಕಿದ್ದನ್ನು ಮುಂದಿನ 8 ವರ್ಷ ಹೊತ್ತುಕೊಂಡು ಹೋಗಬೇಕು, ಅದೂ ಮನೆ ಆದಾಯ ಬಂದರೆ ಮಾತ್ರ ಉಪಯೋಗ. 2017ರ ಬಜೆಟ್‌ನಿಂದಲೇ ಈ ಮಿತಿ ಇದೆ. ಹೊಸ ಪದ್ಧತಿಯಲ್ಲಿ ಬಡ್ಡಿಯನ್ನು ಬಾಡಿಗೆಯಿಂದ ಕಳೆಯಬಹುದು, ಅಷ್ಟೇ. ಸಂಬಳದಿಂದ ಒಂದು ರೂಪಾಯಿಯೂ ಕಳೆಯುವಂತಿಲ್ಲ. 2023-24ರಿಂದ ಹೊಸದೇ ತಾನಾಗಿ ಅನ್ವಯ; ಹಳೆಯದು ಬೇಕಿದ್ದರೆ ನಾವೇ ಆರಿಸಿಕೊಳ್ಳಬೇಕು.

ಸಾಲದ ಅಸಲು ತೀರಿಸಿದ್ದಕ್ಕೆ 80ಸಿ ಎಂದೇ ಪರಿಚಿತವಾದ ಕಡಿತ ಸಿಗುವುದೂ ಹಳೇ ಪದ್ಧತಿಯಲ್ಲೇ. ಒಂದೂವರೆ ಲಕ್ಷದ ಆ ಮಿತಿ ಪಿಎಫ್, ಎಲ್‌ಐಸಿಗೇ ತುಂಬಿಹೋಗಿರುತ್ತದೆ, ಅಲ್ವಾ?

ಕಳೆದ ವರ್ಷ ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಊರಿನಿಂದ ಕರೆತಂದೆ. ವಿಜಯನಗರದ ನಮ್ಮ ಮನೆಗೆ ಎರಡು ಮಹಡಿ ಮೆಟ್ಟಿಲು. ಅವರ ಮಂಡಿ ಕೇಳಲಿಲ್ಲ. ಬಾಡಿಗೆಯವರನ್ನು ಬಿಡಿಸಿ, ಲಿಫ್ಟ್ ಇರುವ ಕೆಂಗೇರಿ ಫ್ಲಾಟ್‌ನಲ್ಲಿ ಅಮ್ಮನನ್ನು ಇಟ್ಟೆ. ಈಗ ಬಾಡಿಗೆಯೂ ಇಲ್ಲ, ಹೊಸ ಪದ್ಧತಿಯಲ್ಲಿ ಬಡ್ಡಿಗೆ ಕಡಿತವೂ ಇಲ್ಲ. ಇಎಂಐ ಮಾತ್ರ ತಪ್ಪಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎನ್ನುತ್ತಿಲ್ಲ. ಮೊದಲೆಲ್ಲ ಎರಡನೇ ಮನೆ ಖಾಲಿ ಬಿದ್ದಿದ್ದರೂ ಬಾರದ ಬಾಡಿಗೆಗೆ ತೆರಿಗೆ ಕಟ್ಟಬೇಕಿತ್ತು. 2019ರಲ್ಲಿ ಅದನ್ನು ತೆಗೆದರು. 2025ರ ಬಜೆಟ್‌ನಲ್ಲಿ ಆ ವಿನಾಯಿತಿಗಿದ್ದ ಷರತ್ತುಗಳನ್ನೂ ಬಿಟ್ಟರು. ತುಂಬಾ ಒಳ್ಳೆಯದಾಯಿತು. ಆದರೆ ಸ್ವಂತಕ್ಕೆ ಇಟ್ಟುಕೊಂಡ ಮನೆಯ ಬಡ್ಡಿಗೆ ಹಳೇ ಪದ್ಧತಿಯಲ್ಲಿರುವ 2 ಲಕ್ಷದ ಮಿತಿ 2014ರಲ್ಲಿ ನಿಗದಿಯಾದದ್ದು. ಎರಡು ಮನೆಯಿದ್ದರೂ ಎರಡಕ್ಕೂ ಸೇರಿ ಅಷ್ಟೇ. ಅಂದಿನ ಬೆಂಗಳೂರಿನ ಮನೆ ಬೆಲೆ ಎಲ್ಲಿ, ಇಂದಿನದು ಎಲ್ಲಿ? ವಯಸ್ಸಾದ ತಂದೆ ತಾಯಿ ಇರುವ ಮನೆಗಾದರೂ ಬೇರೆ ಮಿತಿ ಕೊಡಬೇಕು, ಹೊಸ ಪದ್ಧತಿಯಲ್ಲೂ ಕೊಡಬೇಕು. ಅದು ಐಷಾರಾಮದ ಮನೆಯಲ್ಲ.

ಅದು ದೆಹಲಿಯಲ್ಲಿ ಆಗಬೇಕಾದ ಕೆಲಸ. ಇಲ್ಲಿ ಆಗಬಹುದಾದದ್ದು ಇನ್ನೊಂದಿದೆ. ಬಿಲ್ಡರ್‌ಗಳ ಜಾಹೀರಾತಿನಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇರಲೇಬೇಕು ಎಂಬ ನಿಯಮವಿದೆ. ಹಾಗೆಯೇ, ‘ತೆರಿಗೆ ಉಳಿತಾಯ’ ಎಂದು ಬರೆಯುವವರು ಅದು ಯಾವ ಪದ್ಧತಿಯಲ್ಲಿ, ಎಷ್ಟರವರೆಗೆ ಎನ್ನುವುದನ್ನೂ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಬೇಕೆಂದು ಕರ್ನಾಟಕ ರೇರಾ ಒತ್ತಾಯಿಸಲಿ. ಜಾಹೀರಾತು ತೆಗೆದುಕೊಳ್ಳುವಾಗ ಪತ್ರಿಕೆಗಳೂ ಇದನ್ನು ಕೇಳಲಿ. ಅಂಥ ಒಂದು ಸಾಲು ಅವತ್ತು ಕಣ್ಣಿಗೆ ಬಿದ್ದಿದ್ದರೆ, ಅಡ್ವಾನ್ಸ್ ಚೆಕ್ ಬರೆಯುವ ಮೊದಲೇ ನಾನು ಆಡಿಟರ್ ಹತ್ತಿರ ಹೋಗುತ್ತಿದ್ದೆ.

— ಒಬ್ಬ ಓದುಗ, ವಿಜಯನಗರ, ಬೆಂಗಳೂರು