ಶ್ರುತಿ ಎರಡು ಮನೆ ಕೆಳಗಿಳಿಸಿದವರಿಗೆಲ್ಲ

ಈ ಸಲದ ಗಣೇಶೋತ್ಸವದಲ್ಲಿ ಹುಬ್ಬಳ್ಳಿಯ ಒಂದು ಪೆಂಡಾಲಿನಲ್ಲಿ ಪೂರ್ತಿ ಕಾರ್ಯಕ್ರಮ ಹಾಡಿದೆ. ಗಂಟಲಿನ ಆಪರೇಷನ್ ಆದ ಮೇಲೆ ಇದೇ ಮೊದಲು. ಅವತ್ತಿನಿಂದ ಮೆಸೇಜುಗಳು ಬರುತ್ತಲೇ ಇವೆ. ಒಬ್ಬೊಬ್ಬರಿಗೇ ಉತ್ತರ ಬರೆಯೋಕೆ ಆಗ್ತಿಲ್ಲ, ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ.

ಆರ್ಕೆಸ್ಟ್ರಾದಲ್ಲಿ ಹಾಡುವ ಹೆಂಗಸರ ಬದುಕು ನಿಮಗೆ ಗೊತ್ತಲ್ಲ. ಗಣಪತಿ ಹಬ್ಬದಿಂದ ಜಾತ್ರೆಗಳು ಮುಗಿಯುವ ತನಕ ರಾತ್ರಿ ಹಾಡು, ಹಗಲು ಟೆಂಪೋದಲ್ಲಿ ನಿದ್ದೆ. ಹಾಡಿದ ದಿನ ದುಡ್ಡು, ಇಲ್ಲದಿದ್ದರೆ ಇಲ್ಲ. ಧ್ವನಿ ಒಡೆಯೋಕೆ ಶುರುವಾದಾಗ ಡಾಕ್ಟರ್ ಕ್ಯಾಮೆರಾ ಹಾಕಿ ಪರದೆಯ ಮೇಲೆ ತೋರಿಸಿದರು. ಧ್ವನಿತಂತುವಿನ ಅಂಚಿನಲ್ಲಿ ಸಾಬೂದಾಣಿಯಂಥ ಒಂದು ಪಾಲಿಪ್, ಅಂದರೆ ಸಣ್ಣ ಬೆಳವಣಿಗೆ. ಹಾಡುವಾಗ ಎರಡೂ ತಂತು ಕೂಡಬೇಕು, ಇದು ನಡುವೆ ಅಡ್ಡ ನಿಂತು ಗಾಳಿ ಸೋರುತ್ತಿತ್ತು.

ಮೊದಲ ಥ್ಯಾಂಕ್ಸ್ ಆ ಡಾಕ್ಟರಿಗೆ. ‘ಮೊದಲಿನ ಧ್ವನಿ ಬರುತ್ತದಾ?’ ಅಂದರೆ, ‘ಬರಬಹುದು, ಸ್ವಲ್ಪ ಬೇರೆಯೂ ಆಗಬಹುದು’ ಅಂದರು. ಸುಳ್ಳು ಧೈರ್ಯ ಹೇಳಲಿಲ್ಲ. ಆಮೇಲೆ ಸ್ಪೀಚ್ ಥೆರಪಿಯ ಹುಡುಗಿಗೆ. ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಇಟ್ಟು, ‘ಊ’ ಅನ್ನುತ್ತಾ ಗುಳ್ಳೆ ಬಿಡಿಸುತ್ತಿದ್ದಳು. ಗುಳ್ಳೆ ಒಂದೇ ಸಮ ಬರಬೇಕು, ಧ್ವನಿ ನಿಧಾನವಾಗಿ ಮೇಲೆ ಹೋಗಿ ಇಳಿಯಬೇಕು. ಇಷ್ಟು ವರ್ಷ ಮೈಕ್ ಹಿಡಿದವಳಿಗೆ ಇದೆಂಥ ಆಟ ಅನ್ನಿಸಿತ್ತು. ಮಗಳಂತೂ ಪಕ್ಕದಲ್ಲಿ ಲೋಟ ಹಿಡಿದು ಪೈಪೋಟಿಗೇ ಕೂತಳು.

ಮಾತೇ ಆಡಬಾರದು ಅಂತ ಸ್ಲೇಟು ಹಿಡಿದು ಕೂತಿದ್ದ ದಿನಗಳಲ್ಲಿ ನಮ್ಮ ತಬಲಾ ಮಾಸ್ತರು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಎರಡು ರೆಕಾರ್ಡಿಂಗ್ ಕಳಿಸಿದರು. ಒಂದು 1930ರ ದಶಕದ್ದು. ಆಗಿನ ಗ್ರಾಮಫೋನ್ ತಟ್ಟೆಗಳ ಮೇಲೆ ಅವರ ಹೆಸರು ‘ಗಾಂಧಾರಿ’ ಅಂತ ಇರುತ್ತಿತ್ತು. ಸಣ್ಣ, ಚೂಪು ಧ್ವನಿ. ಇನ್ನೊಂದು ನಾವೆಲ್ಲ ಕೇಳಿ ಬೆಳೆದ ಆ ಭಾರದ ಧ್ವನಿ. ನಡುವೆ ಆಗಿದ್ದು ಗಂಟಲಿನ ಕಾಯಿಲೆ, ಚಿಕಿತ್ಸೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಕಲಿತ ಹೆಂಗಸು ಅವರು. ಬದಲಾದ ಧ್ವನಿಯಲ್ಲೇ ಖಯಾಲ್ ಹಾಡಿ, 2006ರಲ್ಲಿ 93ರ ವಯಸ್ಸಿನಲ್ಲೂ ವೇದಿಕೆ ಹತ್ತಿದರು. ಅದನ್ನು ‘ಗಂಡು ಧ್ವನಿ’ ಅಂತ ಹೊಗಳುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು. ಅದು ಗಂಗೂಬಾಯಿಯವರ ಧ್ವನಿ, ಅಷ್ಟೇ. ಎರಡನ್ನೂ ಎಷ್ಟು ಸಲ ಕೇಳಿದೆನೋ! ಮಾಸ್ತರೇ, ನೀವು ಒಂದು ಸಾಲೂ ಬರೆಯದೆ ಸುಮ್ನೆ ಕಳಿಸಿದಿರಲ್ಲ, ಅದಕ್ಕೆ ದೊಡ್ಡ ನಮಸ್ಕಾರ.

ನನ್ನ ಧ್ವನಿಯೂ ಸ್ವಲ್ಪ ಇಳಿದೇ ಬಂತು. ನಮ್ಮ ಲಿಸ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎಸ್. ಜಾನಕಿ ಅಮ್ಮನ ಹಾಡುಗಳೇ. ನಿಂತಲ್ಲೇ ಅಲುಗಾಡದೆ ಮಗುವಾಗಿ, ಮುದುಕಿಯಾಗಿ ಹಾಡಿದ ಆ ತಾಯಿಯ ಹಾಡನ್ನು ಒರಿಜಿನಲ್ ಶ್ರುತಿಯಲ್ಲೇ ಹಾಡಬೇಕು ಅನ್ನೋದು ಆರ್ಕೆಸ್ಟ್ರಾದವರಿಗೆ ಮರ್ಯಾದೆಯ ಪ್ರಶ್ನೆ. ‘ಅಷ್ಟು ಮೇಲಕ್ಕೆ ಹೋಗದಿದ್ದರೆ ಬೇರೆಯವರನ್ನು ಕರೆಸ್ತೀವಿ’ ಅಂತ ಒಬ್ಬರು ಸಂಘಟಕರು ಹೇಳಿಯೂ ಬಿಟ್ಟರು.

ನಮ್ಮ ಕೀಬೋರ್ಡಿನವನು ರಿಹರ್ಸಲ್‌ನಲ್ಲಿ ಒಂದು ಮಾತೂ ಆಡದೆ ಶ್ರುತಿಯನ್ನು ಎರಡು ಮನೆ, ಅಂದರೆ ಎರಡು ಕೀಲಿಯಷ್ಟು, ಇಳಿಸಿಕೊಂಡ. ಅವನಿಗಾದರೆ ಒಂದು ಬಟನ್, ಪಾಪ, ಕೊಳಲಿನವರಿಗೆ ಹಾಗಲ್ಲ. ಚೀಲದಿಂದ ಬೇರೆ ಉದ್ದದ ಕೊಳಲು ತೆಗೆದು, ಬೆರಳಿಗೆ ಕೂತಿದ್ದ, ಹಾಡಿನ ನಡುವೆ ಬರುವ ಕೊಳಲಿನ ಬಿಟ್‌ಗಳನ್ನೆಲ್ಲ ಅದರಲ್ಲಿ ಮತ್ತೆ ನುಡಿಸಿ ನೋಡಿಕೊಂಡರು. ‘ಇದರಲ್ಲೇ ನಾದ ಚಲೋ ಬರ್ತದ್ರೀ’ ಅಂದರು. ನನ್ನ ಜೊತೆ ಹಾಡುವ ಗೆಳತಿ ಏರುಧ್ವನಿಯ ಹಾಡುಗಳನ್ನು ತಾನು ಇಟ್ಟುಕೊಂಡಳು, ದುಡ್ಡಿನ ಕವರ್ ಮಾತ್ರ ಸಮ ಭಾಗ ಮಾಡಿದಳು. ಬೇಡ ಅಂದಿದ್ದಕ್ಕೆ ಬೈದಳು. ನಾನು ಹಾಡದಿದ್ದ ತಿಂಗಳುಗಳಲ್ಲೂ ಮನೆಗೆ ದಿನಸಿ ತಂದು ಇಟ್ಟವಳು ಇವಳೇ.

ಪೆಂಡಾಲಿನಲ್ಲಿ ಒನ್ಸ್ ಮೋರ್ ಕೂಗಿದವರಿಗೆ, ‘ಧ್ವನಿ ದಪ್ಪ ಆಗೇತಿ ಅಲ್ವಾ?’ ಅಂತ ನೇರ ಕೇಳಿದ ಅಜ್ಜಿಗೂ ಥ್ಯಾಂಕ್ಸ್. ಹೌದಜ್ಜಿ, ಆಗಿದೆ.

ಜಾತ್ರೆಗೆ ಕರೆಯುವವರಿಗೆ ಒಂದು ಮಾತು: ಎರಡು ಹಾಡಿಗೊಮ್ಮೆ ನಾನು ಕೂರುತ್ತೇನೆ, ಆಗ ಗೆಳತಿ ಹಾಡುತ್ತಾಳೆ. ವೇದಿಕೆ ಪಕ್ಕ ಹೊಗೆ ಬಿಡುವ ಮಷಿನ್ ಬೇಡ. ಮಾನಿಟರ್ ಸ್ಪೀಕರ್ ನನ್ನ ಮುಂದೆ ಇರಲಿ, ನನ್ನ ಧ್ವನಿ ನನಗೇ ಕೇಳಿಸದಿದ್ದರೆ ಕಿರುಚಬೇಕಾಗುತ್ತದೆ. ಚಹಾ ಬದಲು ಒಂದು ಫ್ಲಾಸ್ಕ್ ಬಿಸಿನೀರು ಇಟ್ಟರೆ ಸಾಕು.